ಒಂದೇ ಈಲಿಯವರು

ಡಾಕ್ಟರ್ ಯಾಂಜ್ಮಾ ತೆರೆಯ ಮೇಲೆ ಬೆರಳಿಟ್ಟು
ಏನೇನೋ ಹೇಳತೊಡಗಿದಳು. ಅಣ್ಣ ತಡೆದ.
“ಈ ಬೂದು ಮಂಜು ನನಗೆ ಓದಲು ಬಾರದಮ್ಮ.
ಮುಟ್ಟಿದರೆ ಹೇಗಿರುತ್ತೆ, ಅದನ್ನು ಹೇಳು.”

ಅವಳಿಗೇನು ಗೊತ್ತು, ಪೇಟೆಯವಳು,
ದಂಬಾಜಾವನ ಬಲಗೈ ನಲವತ್ತು ವರ್ಷದಲ್ಲಿ
ಎಷ್ಟು ಕುರಿಗಳ ಒಳಗೆ ಹೋಗಿ ಬಂದಿದೆಯೆಂದು.
ಎದೆಗೂಡಿನ ಕೆಳಗೆ ನಾಲ್ಕು ಬೆರಳಗಲ ಸೀಳು,
ಮೊಣಕೈವರೆಗೆ ಕತ್ತಲು,
ಬೆನ್ನೆಲುಬಿಗಂಟಿದ ಆ ಒಂದು ರಕ್ತನಾಳವನ್ನು ತಡಕಿ
ಚಿಟಿಕೆಯಲ್ಲಿ ಹರಿದರೆ
ಕುರಿ ಒಮ್ಮೆ ಆಕಾಶ ನೋಡುತ್ತದೆ, ಅಷ್ಟೇ.
ನೆಲಕ್ಕೆ ಒಂದು ಹನಿ ಬೀಳಬಾರದು. ಬಿದ್ದರೆ ಅಪ್ಪ ಬಯ್ಯುತ್ತಿದ್ದ.

ಆಮೇಲೆ ಬರುವುದು ಈಲಿ.
ಹಬೆಯಾಡುವ, ನುಣ್ಣನೆಯ,
ತನ್ನ ಭಾರಕ್ಕೇ ಅಂಗೈಯಿಂದ ಜಾರುವ ಈಲಿ.
ನೆಣದ ಜಾಲರಿ ಸುತ್ತಿ ಸಗಣಿಕೆಂಡದ ಮೇಲಿಟ್ಟರೆ
ಚುರ್ರೆಂದು ಗುಡಾರವೆಲ್ಲ ಘಮ.
ಮೊದಲ ತುಂಡು ನನಗೆ. ಚಿಕ್ಕವಳು ನಾನು.

ಕೆಲವೊಮ್ಮೆ ಬೇರೆ ಥರದ್ದು ಸಿಗುತ್ತಿತ್ತು,
ಜೌಗಿನ ಹುಲ್ಲು ಮೇಯ್ದ ಮುದಿಕುರಿಯದು:
ಕುಗ್ಗಿ, ಗಂಟುಗಂಟಾಗಿ, ಹಳೇ ಜೀನಿನ ತೊಗಲಿನಷ್ಟು ಗಡಸು,
ಚಾಕು ಇಟ್ಟರೆ ಕರಕರ ಸದ್ದು.
“ನಾಯಿಗೂ ಹಾಕಬೇಡ, ಹೂಳು” ಅನ್ನುತ್ತಿದ್ದ ಅಣ್ಣ.

ಡಾಕ್ಟರ್ ಯೋಚಿಸಿದಳು. ಮೇಜಿನ ಮೇಲೆ
ಯಾರೋ ಹಳ್ಳಿಯವರು ಕೊಟ್ಟುಹೋದ ಆರೂಲ್ ಇತ್ತು,
ಬಿಸಿಲಲ್ಲಿ ಒಣಗಿ ಕಲ್ಲಾದ ಮೊಸರಿನ ಗಟ್ಟಿ.
“ಹೀಗೆ” ಅಂದಳು.
ಅಣ್ಣ ಅದನ್ನೆತ್ತಿ ಹೆಬ್ಬೆರಳಲ್ಲಿ ಒತ್ತಿ ನೋಡಿದ.
ಏನೂ ಅನ್ನದೆ ನಿಲುವಂಗಿಯ ಎದೆಮಡಿಕೆಗೆ ಸೇರಿಸಿದ.

ಒಂದು ದಿನವೂ ನೋವೆಂದವನಲ್ಲವಲ್ಲ, ಅಂದೆ.
“ಲಿವರ್‌ಗೆ ಕೂಗುವ ಬಾಯಿಲ್ಲ.
ಮೊದಲು ಕೊಬ್ಬು ಕಟ್ಟುತ್ತೆ. ಆಗಲೇ ಬಿಟ್ಟರೆ
ತಿರುಗಿ ಚಿಗುರುತ್ತೆ, ಮೇಯ್ದ ಹುಲ್ಲಿನ ಹಾಗೆ.
ಇದು ಆ ಹಂತ ದಾಟಿದೆ.
ಉಳಿದಿರುವ ಇಷ್ಟನ್ನು ಕಾಯಬೇಕು, ಅಷ್ಟೇ.
ಇನ್ನು ಒಂದು ತೊಟ್ಟೂ ಕೂಡದು.”

ಬೆಂಚಿನಲ್ಲಿ ಕೂತು ಲೆಕ್ಕ ಹಾಕಿದೆ.
ಉಣ್ಣೆ ಮಾರಿದ್ದಕ್ಕೆ ಒಂದು ಬಾಟಲಿ. ಮಾರದೆ ಉಳಿದದ್ದಕ್ಕೆ ಒಂದು.
ಅತಿಥಿ ಬಂದರೆ. ಅತಿಥಿ ಹೋದರೆ.
ಇನ್ನೂರು ಕುರಿ ನಿಂತಲ್ಲೇ ಮರಗಟ್ಟಿದ
ಆ ಚಳಿಗಾಲಕ್ಕೆ ಲೆಕ್ಕವಿಲ್ಲ.
ಅತ್ತಿಗೆ ಖೊರ್ಲೋ ಹಿಟ್ಟಿನ ಚೀಲದಲ್ಲಿ ಅಡಗಿಸಿಟ್ಟದ್ದನ್ನು
ಅವನಿಗೆ ತೋರಿಸಿಕೊಟ್ಟವಳು ನಾನೇ,
ಯಾಕೆಂದರೆ ಕುಡಿದಾಗ ಅವನು ಹಾಡುತ್ತಿದ್ದ.

ನಮ್ಮ ಮಾತಿನಲ್ಲಿ ಒಡಹುಟ್ಟಿದವರೆಂದರೆ
ಒಂದೇ ಈಲಿಯವರು.
ಕನಿಕರ ಉಕ್ಕಿದರೆ ಈಲಿ ಪುಡಿಯಾಯಿತು ಅನ್ನುತ್ತೇವೆ.
ಅದನ್ನೇ ನಂಬಿ ಉಲಾನ್‌ಬಾತರಿನ ದೊಡ್ಡಾಸ್ಪತ್ರೆಗೆ ಹೋಗಿ
ತೋಳು ಚಾಚಿದೆ: ನನ್ನದರಲ್ಲಿ ಅರ್ಧ ಕೊಯ್ದು ಕೊಡಿ.
ಮೂರನೇ ದಿನ ಚೀಟಿ ಬಂತು. ಗುಂಪು ಬೇರೆ, ಆಗದು.
ತಲೆಮಾರುಗಟ್ಟಲೆ ಆಡಿಕೊಂಡು ಬಂದ ಮಾತನ್ನು
ಒಂದು ಸೂಜಿ ರಕ್ತ ಒಪ್ಪಲಿಲ್ಲ.

ಹೊಸ ವರ್ಷ, ಬಿಳಿ ತಿಂಗಳು. ಗುಡಾರ ತುಂಬ ನೆಂಟರು.
ಬೆಳ್ಳಿ ಬಟ್ಟಲು ಸುತ್ತಿ ಸುತ್ತಿ ಅಣ್ಣನ ಮುಂದೆ ಬಂತು.
ಖೊರ್ಲೋ ಉರಿಯುತ್ತಿದ್ದ ಒಲೆಗೆ
ಬೇಡದ ಸಗಣಿ ತುಂಬತೊಡಗಿದಳು.

ಎಡಗೈಯನ್ನು ಮೊಣಕೈಗೆ ಆನಿಸಿ, ಕ್ರಮಪ್ರಕಾರ,
ಬಲಗೈಯಲ್ಲಿ ಇಸಕೊಂಡ. ನಡುಗುತ್ತಿತ್ತು ಕೈ.
ಅನಾಮಿಕೆಯನ್ನು ಅದ್ದಿ
ಆಕಾಶಕ್ಕೊಂದು ಹನಿ, ನೆಲಕ್ಕೊಂದು, ಹೋದವರಿಗೊಂದು.
ಆಮೇಲೆ ಆ ಒದ್ದೆ ಬೆರಳನ್ನು ಹಣೆಗೆ ಮುಟ್ಟಿಸಿ
ತುಂಬಿದ ಬಟ್ಟಲನ್ನು ತುಂಬಿದ ಹಾಗೇ
ಹಿಂದಕ್ಕೆ ಕೊಟ್ಟ.

ಕುಡಿಯದವನಿಗೂ ಪದ್ಧತಿಯಲ್ಲಿ ಒಂದು ಬಾಗಿಲಿತ್ತು, ಮೊದಲಿಂದಲೂ.
ನಮ್ಮ ಮನೆಯ ಗಂಡಸರು ಯಾರೂ ಅದನ್ನು ದಾಟಿರಲಿಲ್ಲ.

ನಾಳೆಯದು ಗೊತ್ತಿಲ್ಲ. ನಾಡಿದ್ದಂತೂ ಇಲ್ಲವೇ ಇಲ್ಲ.
ಆ ರಾತ್ರಿ ಅವನು ಕುಡಿಯದೆ ಹಾಡಿದ, ಶ್ರುತಿ ತಪ್ಪಿ ತಪ್ಪಿ,
ಒಂದು ಕೈಯನ್ನು ಎದೆಮಡಿಕೆಯೊಳಗಿಟ್ಟು
ಆ ಮೊಸರಿನ ಗಟ್ಟಿಯನ್ನು
ಒತ್ತಿ ಒತ್ತಿ ನೋಡುತ್ತ.