ಜಿಗಿ

ಕಪನೂರದಾಗ ನಂದೊಂದು ಶೆಡ್ ಅದ.
ಮೂವತ್ತೆರಡು ಒಲಿ, ನಲವತ್ತೊಂದು ಹೆಣ್ಮಕ್ಕಳು,
ಮೂಲ್ಯಾಗ ಗಾಜಿನ ಖೋಲಿ, ಒಳಗ ತಿರುಗೋ ಕುರ್ಚಿ.
ಕುರ್ಚಿ ತಿರುಗ್ತದ. ನಾ ತಿರುಗಂಗಿಲ್ಲ.
ಬಂದವರಿಗಿ ಮೊದಲು ಬೆನ್ನು ಕಾಣಬೇಕು ಅನ್ನೋದು
ಯಾರ ಹತ್ರ ಕಲಿತೆನೋ, ನೆನಪಿಲ್ಲ.

ಗ್ವಾಡಿಗಿ ಏಳು ಪ್ರಶಸ್ತಿ ತೂಗಹಾಕೀನಿ.
ಒಂದರಾಗ ಜಗದೇವಿ ಹೋಗಿ ಜಯದೇವಿ ಆಗೀನಿ.
ಹಿಂದಕ ಆಗಿದ್ರ ಹೊಟ್ಟಿ ಹಿಡಕೊಂಡು ನಗ್ತಿದ್ದೆ;
ಅವತ್ತು ಫೋನಿನ್ಯಾಗ ಒಬ್ಬ ಗುಮಾಸ್ತನ್ನ ಅಳಿಸಿದೆ.

ಟೇಬಲ್ ಮ್ಯಾಲ ಒಂದು ಸ್ಟೀಲಿನ ಬಳಿ ಅದ, ಒಂಬತ್ತು ಇಂಚಿಂದು.
ರೊಟ್ಟಿ ಅದರೊಳಗ ಕೂಡಬೇಕು, ಅಂಚು ಮುಟ್ಟಬೇಕು.
ಕೂಡದ್ದು ಬುಟ್ಟಿಗಿ. ಬುಟ್ಟಿ ಲೆಕ್ಕ ಪಗಾರದಾಗ.
ಶಹಾಬಜಾರದ ಬಾಡಗಿ ಖೋಲ್ಯಾಗ ನಾ ಬಡದ ಮೊದಲ ರೊಟ್ಟಿ
ಈ ಬಳಿ ನೋಡಿದ್ರ ನಾಚಿ ಸಾಯ್ತಿತ್ತು;
ಹರಿದ ನಕಾಶಿ ಇದ್ದಂಗ ಇತ್ತದು.
ಮಸ್ತಾನಬಿ ಅದನ್ನೇ ಮುರದು, ಪುಂಡಿಪಲ್ಲೆ ಹಚ್ಕೊಂಡು,
"ರುಚಿ ದುಂಡಗಿರಂಗಿಲ್ಲ ಜಗ್ಗಿ, ತಿನ್ನು" ಅಂದಿದ್ದಳು.
ಎರಡು ಸೇರು ಹಿಟ್ಟು ಆಕಿದು, ಹಂಚು ಆಕಿದು,
ಕಟಗಿ ಸುದ್ದಾ ಆಕಿದು. ವಾಪಸ್ ಕೇಳಲಿಲ್ಲ.

ಈಗ ಆಕಿ ಒಲಿ ನಂಬರ ಹತ್ತೊಂಬತ್ತು.

ಜಗ್ಗಿ ಅನ್ನೋದು ಒಂದೇ ದಿನ ಹೋಗಲಿಲ್ಲ.
ಎರಡನೇ ಹಂಚು ತಂದಾಗ ಜಗದೇವಕ್ಕ ಆದೆ,
ಬ್ಯಾಂಕಿನ ಸಾಲ ಮಂಜೂರಾದಾಗ ಅಕ್ಕಾರು,
ಬಿಳಿ ಕಾರು ಬಂದಾಗ ಮೇಡಂ.
ಪ್ರತಿ ಸಲ ಸೀರಿ ಬದಲಿಸಿದಂಗ ಅನಿಸ್ತು.
ಹಳೇವು ಯಾರಿಗಿ ಕೊಟ್ಟೆನೋ.

ಹೋದ ಸೋಮವಾರ ಬೆಂಗಳೂರಿಂದ ಸಾಹೇಬ್ರು ಬಂದ್ರು, ಕ್ಯಾಮೆರಾ ಬಂತು.
"ನೀವೇ ಒಂದು ರೊಟ್ಟಿ ತಟ್ಟಿ ಮೇಡಂ, ಫೋಟೋ ಚೆನ್ನಾಗಿರುತ್ತೆ."
ಹತ್ತೊಂಬತ್ತರ ಮುಂದ ಕುಂತೆ. ಬಂಗಾರದ ಬಳಿ ತಗಿಲಿಲ್ಲ.
ಎಸರು ಹಾಕಿ ನಾದಿದೆ. ಕೈ ಸುಟ್ಟಿತು,
ಆರು ವರ್ಷಕ್ಕ ಮೊದಲ ಸಲ.
ಬಡದೆ. ಅಂಚು ಬಿರೀತು. ಮತ್ತ ಮುದ್ದಿ ಮಾಡಿ ಬಡದೆ;
ನಡುವ ಹರೀತು, ಪರಾತದ ತಳ ಕಂಡಿತು.
"ಹಿಟ್ಟಿಗಿ ಜಿಗಿನೇ ಇಲ್ಲ! ಯಾವ ಕಾಲದ್ದು ಇಟ್ಟೀರಿ ಇದು?"
ಬಡಿಯೋ ಸಪ್ಪಳ ಒಂದೊಂದೇ ಒಲಿಗಿ ನಿಂತ್ಕೊಂತ ಬಂತು.
ಮಸ್ತಾನಬಿ ಸೆರಗು ಸರಿ ಮಾಡ್ಕೊಂಡು ಎದ್ದು,
"ಹೌದ್ರಿ ಮೇಡಂ, ಹಿಟ್ಟು ಹಳೇದಾಗ್ಯದ" ಅಂದಳು.
ಸಾಹೇಬ್ರು ನಕ್ಕರು. ನಾನೂ ನಕ್ಕೆ.

ಆಮ್ಯಾಲ ಅದಾ ಪರಾತ, ಅದಾ ಹಿಟ್ಟು,
ಆಕಿ ಅಂಗೈ ಮಾತು ಕೇಳಿತು.
ಬಳಿ ಇಟ್ಟು ನೋಡೋ ಧೈರ್ಯ ನನಗಾಗಲಿಲ್ಲ.

ಅವತ್ತಾ ಸಂಜಿಕಿ ಗಿರಣಿ ಚೀಟಿ ಸಿಕ್ತು:
ಸೋಮವಾರ, ಮುಂಜಾನಿ ಆರೂವರಿ.
ಹಿಟ್ಟು ಬಿಸಿ ಇದ್ದಾಗೇ ಬಂದಿತ್ತು.
ಅಷ್ಟೊತ್ತಿಗಿ ಪಗಾರ ಬುಕ್ಕಿನ್ಯಾಗ ಬರದಾಗಿತ್ತು:
ಹತ್ತೊಂಬತ್ತು, ಹಳೆ ಹಿಟ್ಟು, ಎಂಬತ್ತು ರೂಪಾಯಿ ಕಟ್.
ಕೆಳಗ ನನ್ನ ಸಹಿ. ಸಹಿ ಚಂದ ಬಂದದ.
ಮೊದಲು ಹೆಬ್ಬೆಟ್ಟು ಒತ್ತುತಿದ್ದೆ;
ಸಹಿ ಕಲಿಸಿದಾಕಿ ಮಸ್ತಾನಬಿ ಮಗಳು.

ರಾತ್ರಿ ನಿದ್ದಿ ಬರಲಿಲ್ಲ. ಒಂದು ಮಾತು ರೂಢಿ ಮಾಡ್ದೆ,
ಶಾಲಿ ಹುಡುಗಿ ಮಗ್ಗಿ ಒಪ್ಪಿಸಿದಂಗ:
ಅಕ್ಕಾ, ತಪ್ಪಾತು. ಅಕ್ಕಾ, ತಪ್ಪಾತು.
ಗಾಜಿನ ಖೋಲಿಯಿಂದ ಆಕಿ ಒಲಿಗಿ ಇಪ್ಪತ್ತೆರಡು ಹೆಜ್ಜಿ.
ಮುಂಜಾನಿ ಹೋಗಿ ನಿಂತೆ. ಹೊಗಿ ಕಣ್ಣಾಗ ಹೊಕ್ಕಿತು.
ಬಾಯಿ ತೆರದೆ.

"ಹತ್ತೊಂಬತ್ತು" ಅಂತ ಬಂತು.

ಆಕಿ ಹಿಟ್ಟಿನ ಕೈ ಒರಸ್ಕೊಂಡು ಎದ್ದಳು:
"ಹೇಳ್ರಿ ಮೇಡಂ."