ತೆಗೆದು ನೋಡಬೇಡ

ಊಟ ಹಾಕುತ್ತಾರೆಂದು ಹೋಗಿದ್ದೆ ಆ ತರಬೇತಿಗೆ,
ರೇಷ್ಮೆ ಇಲಾಖೆಯ ಹಳೇ ಹಾಲಿನಲ್ಲಿ, ಅರ್ಧ ದಿನ.
ನೆನಪಿರುವುದು ಇಷ್ಟು: ಪಲಾವಿನಲ್ಲಿ ಬಟಾಣಿ ಜಾಸ್ತಿ,
ಫ್ಯಾನು ಒಂದೇ, ಅದೂ ಸಾಹೇಬರ ತಲೆಯ ಮೇಲೆ,
ಮತ್ತೆ ಆ ಕುಳ್ಳಿ ನರ್ಸಮ್ಮ
ಬಾಳೆಹಣ್ಣಿಗೆ ಬ್ಯಾಂಡೇಜು ಸುತ್ತುತ್ತಾ ಹೇಳಿದ ಮಾತು:
ಒತ್ತಿ ಹಿಡಿ. ಹತ್ತು ನಿಮಿಷ.
ನಡುವೆ ತೆಗೆದು ನೋಡಬೇಡ.

ಮೊನ್ನೆ ಮಂಗಳವಾರ, ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಎಲ್ಲರ ಬೇಸಿನ್ನೂ ಕುದಿಯುವ ಹೊತ್ತು.
ಗೂಡು ಬೆಂದ ವಾಸನೆ ಹೊಸಬರ ಮೂಗು ಮುಚ್ಚಿಸುತ್ತದೆ,
ನಮಗೆ ಗಂಟೆ ಎಷ್ಟೆಂದು ಹೇಳುತ್ತದೆ.
ಜಬೀವುಲ್ಲಾ ಮೋಟರಿನ ಬೆಲ್ಟಿಗೆ ಕೈ ಹಾಕಿದ.
ಕರೆಂಟು ಹೋಗಿತ್ತು.
ಬಂತು.

ಓಡಿ ಬಂದರು ಎಲ್ಲ, ಬರಿಗೈಲಿ ಯಾರೂ ಬರಲಿಲ್ಲ:
ಕಾಫಿಪುಡಿ, ಅರಿಶಿನ, ಎಲೆಯಡಿಕೆಯ ಸುಣ್ಣ,
ಬೀಡಿ ಹರಿದು ಹೊಗೆಸೊಪ್ಪು,
ಮೂಲೆಯ ಜೇಡರ ಬಲೆ ಕಡ್ಡಿಗೆ ಸುತ್ತಿ ತಂದವಳು
ಚಿಂತಾಮಣಿ ಕಡೆಯಿಂದ ಬಂದ ಹೊಸ ಸೊಸೆ.
ಮೊದಲು ದೃಷ್ಟಿ ತೆಗೀರಿ ಎಂದಳು ಮಹಡಿಯ ಅಜ್ಜಿ.
ಯಾರಿಗೂ ಕೆಡುಕು ಬೇಕಿರಲಿಲ್ಲ.
ಪ್ರೀತಿಗೆ ಏನಾದರೂ ಮೆತ್ತಿಯೇ ತೀರಬೇಕು.

ನಾನು ಕುದಿನೀರಿಂದ ಬೆರಳು ತೆಗೆದೆ,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ ಬೆರಳು,
ನಲ್ಲಿಯಡಿ ತೊಳೆದೆ,
ಹಗ್ಗದ ಮೇಲಿದ್ದ ಮಗಳ ಯೂನಿಫಾರ್ಮಿನ ವೇಲು ಎಳೆದು
ನಾಲ್ಕು ಮಡಿಕೆ ಮಾಡಿ
ಒತ್ತಿದೆ.
ನಕ್ಕೋ ಆಪಾ, ನಕ್ಕೋ, ಅಂದ.
ಕೂರಿಸಿದೆ. ಕೈಯನ್ನು ಅವನೆದೆಗಿಂತ ಮೇಲೆತ್ತಿ
ನನ್ನ ಹೆಗಲಿಗೆ ಆನಿಸಿಕೊಂಡೆ.
ಬೆರಳು ಊದುವ ಮುಂಚೆ ಉಂಗುರ ಬಿಚ್ಚಬೇಕಂತೆ.
ಹದಿನೆಂಟು ದಿನದ ಹಿಂದಿನ ನಿಕಾಹಿನ ಬೆಳ್ಳಿ.
ಇಡಲು ಕೈಯಿಲ್ಲದೆ
ಬಾಯಿಗೆ ಹಾಕಿಕೊಂಡು ದವಡೆಗೆ ಒತ್ತರಿಸಿದೆ.

ಹತ್ತು ನಿಮಿಷ ಎಂದರೆ ಎಷ್ಟು ಗೊತ್ತೇನು?
ವೇಲು ನೆನೆಯಿತು. ತೆಗೆಯಲಿಲ್ಲ,
ಅದರ ಮೇಲೇ ಇನ್ನೊಂದು, ಯಾರದೋ ಟವೆಲು.
ನಿಂತಿತಾ?
ಬೈಯಮ್ಮಾ, ಒಂಚೂರು ತೆಗೆದು ನೋಡೇ.
ಬಾಯ್ತುಂಬ ಬೆಳ್ಳಿ. ತಲೆಯಾಡಿಸಿದೆ, ಇಲ್ಲ.
ಹುಟ್ಟಿದ ಮೇಲೆ ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ.
ತೆಗೆದು ನೋಡುವುದೇ ನನ್ನ ಚಾಳಿ:
ಬೇಯುವ ಅನ್ನ, ಮಗಳ ಬ್ಯಾಗು,
ಹನ್ನೊಂದು ವರ್ಷದ ಹಿಂದೆ ತಂಗಿ
ಹೊಸಿಲಲ್ಲಿ ನಿಂತು ಆಡಿದ ಒಂದು ಮಾತು,
ಅದನ್ನಂತೂ ದಿನಾ ರಾತ್ರಿ.

ಬಟ್ಟೆಯಡಿ ಮಿಡಿಯುತ್ತಿತ್ತು ಏನೋ,
ಅವನದೋ ನನ್ನದೋ.
ಬೇಸಿನ್ನಿನಲ್ಲಿ ಗೂಡು ಹೆಚ್ಚು ಬೆಂದು ಎಳೆ ಹಾಳಾಯಿತು.
ಮಾಲೀಕ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಕಂಡೆ.
ಪಾಪ, ಬಾಯಿ ಬಿಟ್ಟು ಅನ್ನಲಿಲ್ಲ.

ಆಮೇಲೆ ಆಟೋ, ಸರ್ಕಾರಿ ಆಸ್ಪತ್ರೆ.
ಯಾರು ಕಟ್ಟಿದ್ದು ಇದನ್ನ? ಡಾಕ್ಟರ ದನಿ ಗಡಸು.
ಉಂಗುರ ಸೆರಗಿನ ತುದಿಗೆ ಗಂಟಿಕ್ಕಿ
ಬೈಗುಳಕ್ಕೆ ತಯಾರಾಗಿ ಮುಂದೆ ಹೋದೆ.
ಪರವಾಗಿಲ್ಲಮ್ಮಾ, ಏನೂ ಮೆತ್ತಿಲ್ಲ.
ಮಾಡಿದ್ದಕ್ಕೇ ಯಾರೂ ಹೊಗಳಿಲ್ಲ ನನ್ನನ್ನ,
ಮಾಡದೆ ಬಿಟ್ಟದ್ದಕ್ಕೆ ಇವರು.

ಒಂಬತ್ತು ಹೊಲಿಗೆ. ತಟ್ಟೆಯಲ್ಲಿ ಕಪ್ಪು ದಾರ.
ನಮ್ಮ ಕಣ್ಣು ಬೇರೆಲ್ಲಿಗೆ ಹೋದೀತು?
ರೇಷ್ಮೇನಾ, ಕೇಳಿದೆ. ಹೂಂ, ಅಂದರು ನರ್ಸು.
ಗೋಡೆಯತ್ತ ಮುಖ ತಿರುಗಿಸಿ ಕಣ್ಣು ಬಿಗಿದವನು
ಥಟ್ಟನೆ ಈ ಕಡೆ ತಿರುಗಿದ:
ಎಷ್ಟು ಡೆನಿಯರ್?

ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಉಂಗುರ ಕೊಟ್ಟೆ.
ನನ್ನ ಎಂಜಲು ಕಣಮ್ಮಾ, ತೊಳ್ಕೋ, ಅಂದೆ.
ಕೇಳಿಸಲಿಲ್ಲವೇನೋ,
ತನ್ನ ಹೆಬ್ಬೆರಳಿಗೆ ಹಾಕಿಕೊಂಡು ಮುಷ್ಟಿ ಮುಚ್ಚಿದಳು.

ವೇಲು ತಣ್ಣೀರಲ್ಲಿ ನೆನೆಹಾಕಿದೆ.
ಬಿಸಿನೀರು ಸೋಕಿದರೆ ಕಲೆ ಕಚ್ಚಿಕೊಳ್ಳುತ್ತದೆ,
ಇದನ್ನು ಹೆಂಗಸರಿಗೆ ಯಾವ ಇಲಾಖೆಯೂ ಕಲಿಸಬೇಕಿಲ್ಲ.
ಬೆಳಗಿನವರೆಗೆ ಬಿಡಬೇಕು.
ನಡುರಾತ್ರಿ ಎದ್ದು
ಬಕೆಟ್ಟಿಗೆ ಕೈ ಹಾಕಿ,
ತೆಗೆದು ನೋಡಿದೆ.