ಜರಡಿ

ಅರ್ಜಿ ಕನ್ನಡದಲ್ಲಿತ್ತು, ವಕೀಲರಿಗೆ ಇಂಗ್ಲಿಷು ಬೇಕಿತ್ತು.
ಶಿವಮೊಗ್ಗದ ಕೋರ್ಟಿನೆದುರು ಮಹಡಿಯ ಮೇಲೆ
ಪುಟಕ್ಕೆ ನಲವತ್ತು ರೂಪಾಯಿಯ ಅನುವಾದಕ ನಾನು.
ಎದುರಿಗೆ, ಸ್ಟೂಲಿನ ತುದಿಯಲ್ಲಿ, ಹೊಳೆಹೊನ್ನೂರಿನ ಹಾಲಮ್ಮ;
ಸೀರೆಯ ನೆರಿಗೆಯಿಂದ ಇನ್ನೂ ಉದುರುವ ಮರಳು.

ಗಂಡಾಳಿಗೆ ಐನೂರು, ಹೆಣ್ಣಾಳಿಗೆ ಮುನ್ನೂರು.
ಬಿಸಿಲು ಒಂದೇ. ಬುಟ್ಟಿ ಒಂದೇ.

ಬರೆದೆ: ಡಿಸ್ಕ್ರಿಮಿನೇಷನ್.
'ಅದೇನದು, ಅಷ್ಟುದ್ದ?'
'ತಾರತಮ್ಯ' ಅಂದೆ.
'ಅದೂ ನಮ್ ಮಾತಲ್ಲ ಬಿಡಿ.'

ನಿಜ. ತರ, ತಮ: ಸಂಸ್ಕೃತದ ಎರಡು ಬಾಲ.
ಗುರುವಿಗೆ ಅಂಟಿದರೆ ಗುರುತರ, ಗುರುತಮ,
ಹೆಚ್ಚು, ಎಲ್ಲಕ್ಕಿಂತ ಹೆಚ್ಚು.
ಕಡಿಮೆಗೆ ಆ ಪದದಲ್ಲಿ ಜಾಗವೇ ಇಲ್ಲ,
ಕಡಿಮೆಯವರನ್ನು ನಾವೇ ಹುಡುಕಿ ತಂದು ಕೂಡಿಸಬೇಕು.

ಕರೆಂಟು ಹೋಯಿತು.
ಸುಮ್ಮನೆ ಕೂರಲಾರದೆ ನಿಘಂಟನ್ನು ಕಿಟಕಿಗೆ ಹಿಡಿದೆ.
ಲ್ಯಾಟಿನ್ನಿನ ಮುತ್ತಜ್ಜ ಕೆರ್ನೆರೆ, ಅಂದರೆ ಜರಡಿ ಆಡಿಸು.
ಅದೇ ಮನೆತನದವರು ಸರ್ಟಿಫಿಕೇಟು, ಸೆಕ್ರೆಟರಿ;
ಇಂಥವರ ಬಾಗಿಲಲ್ಲೇ ಹಾಲಮ್ಮ ಮೂರು ತಿಂಗಳು ನಿಂತಿದ್ದು.
ಒಂದು ಕಾಲಕ್ಕೆ, ಒಳ್ಳೆ ರುಚಿ ಬಲ್ಲವನನ್ನು
ಇದೇ ಪದದಿಂದ ಹೊಗಳುತ್ತಿದ್ದರಂತೆ.
ನಮ್ಮ ವಿವೇಕವೂ ಇದಕ್ಕೆ ದೂರದವನೇನಲ್ಲ:
ಅದರ ಬೇರು ವಿಚ್, ಕಾಳಿನಿಂದ ಹೊಟ್ಟು ಬೇರೆ ಮಾಡು.
ಬುದ್ಧಿಗೂ ಅನ್ಯಾಯಕ್ಕೂ ಒಂದೇ ಕಸುಬು, ಒಂದೇ ಕಣ.

ಹುರುಪಿನಲ್ಲಿ ಹೇಳಿಬಿಟ್ಟೆ:
'ನಿನ್ನ ಜರಡಿಯಿಂದಲೇ ಬಂದ ಮಾತಂತೆ, ಹಾಲಮ್ಮ.'

ಅವಳಿಗೆ ನಗು ಬರಲಿಲ್ಲ.
ಅಂಗೈ ಬಿಡಿಸಿ ತೋರಿದಳು, ಕಬ್ಬಿಣದ ಬಲೆಯ ಚೌಕ ಚೌಕ ಗೀರು.
'ನಾ ಹಿಡಿಯೋದು ಜರಡಿ, ಸಾಮಿ.
ಕಣ್ಣು ಎಷ್ಟಗಲ ಐತೋ ಅಷ್ಟೇ ಅದರ ಲೆಕ್ಕ.
ಸಣ್ಣದು ಕೆಳಗೆ, ದಪ್ಪದು ಮೇಲೆ.
ಕಲ್ಲು ಗಂಡೋ ಹೆಣ್ಣೋ ಅಂತ ಅದು ಕೇಳಿದ್ದು ನಾ ಕಾಣೆ.
ಅದರ ಹೆಸರು ಕೆಡಿಸಬ್ಯಾಡಿ.
ಬೇರೆ ಪದ ಹಾಕಿ.'

ಹಾಕಲಿಲ್ಲ. ಕೋರ್ಟಿಗೆ ಅದೇ ಬೇಕು.
ಕರೆಂಟು ಬಂತು, ಪ್ರಿಂಟರು ಕೆಮ್ಮಿತು,
ಮೂರು ಪುಟಕ್ಕೆ ನೂರಿಪ್ಪತ್ತು. ತೆಗೆದುಕೊಂಡೆ.
ಅವಳು ಮೆಟ್ಟಿಲಿಳಿದಳು, ಒಂದೊಂದೇ, ಗೋಡೆ ಹಿಡಿದು.

ಸ್ಟೂಲಿನ ಮೇಲೆ ಚಿಟಿಕೆ ಮರಳು ಉಳಿದಿತ್ತು.
ಒರೆಸಲು ಹೋಗಿ ಬೆರಳ ತುದಿ ನೋಡಿಕೊಂಡೆ,
ಬೆಳಕಿಗೆ ಹಿಡಿದೆ,
ಹೊರಳಿಸಿ ಮತ್ತೆ ನೋಡಿದೆ:
ಅಚ್ಚುಕಟ್ಟು ಕೆಲಸ.
ಒಂದು ಹರಳೂ ಇನ್ನೊಂದಕ್ಕಿಂತ ದೊಡ್ಡದಿರಲಿಲ್ಲ.